ತಾಯಿನಾಯಿ ನೋಡದೆ ದುಡ್ಡು ಕೊಡಬೇಡಿ

ಓದುಗರ ಪ್ರಶ್ನೆಗೆ ಪಶುವೈದ್ಯರ ಉತ್ತರ

ಪ್ರಶ್ನೆ: ನಾವು ತಿಪಟೂರಿನವರು. ಮಗಳಿಗೆ ಶಿಟ್ಜು ಎಂಬ ಸಣ್ಣ ತಳಿಯ ನಾಯಿಮರಿ ಬೇಕಂತೆ. ಬೆಂಗಳೂರಿನ ಒಬ್ಬರು ಇನ್‌ಸ್ಟಾಗ್ರಾಂನಲ್ಲಿ 35 ದಿನದ ಮರಿಯ ವಿಡಿಯೊ ಕಳಿಸಿದ್ದಾರೆ. 22 ಸಾವಿರ ಹೇಳುತ್ತಾರೆ, ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಪೇಪರ್ ಬೇಕಾದರೆ 5 ಸಾವಿರ ಜಾಸ್ತಿ. ತುಮಕೂರು ಬಸ್ ನಿಲ್ದಾಣಕ್ಕೆ ತಂದು ಕೊಡುತ್ತಾರಂತೆ. ಮೂರು ದಿನ ಗ್ಯಾರಂಟಿ ಇದೆ. ಪೇಪರ್ ಅಸಲಿಯೋ ಅಲ್ಲವೋ ಹೇಗೆ ತಿಳಿಯುವುದು?

ಉತ್ತರ: ಪೇಪರ್ ವಿಷಯ ಆಮೇಲೆ. ಈ ಮರಿ ತರಬೇಡಿ. ಇದೇ ಪ್ರಶ್ನೆಯನ್ನು ಬಹಳ ಜನ ದುಡ್ಡು ಕಳಿಸಿದ ಮೇಲೆ ಕೇಳುತ್ತಾರೆ. ನೀವು ಮೊದಲೇ ಕೇಳಿದ್ದೀರಿ, ಒಳ್ಳೆಯದಾಯಿತು.

ಸಿದ್ಧಗಂಗೆ ಜಾತ್ರೆಯಲ್ಲಿ ಹಸು ಕೊಳ್ಳುವಾಗ ನಮ್ಮ ಜನ ಏನು ಮಾಡುತ್ತಾರೆ? ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಎಷ್ಟನೇ ಸೂಲು ಅಂತ ಕೇಳುತ್ತಾರೆ. ಕೆಚ್ಚಲು ಮುಟ್ಟಿ ನೋಡುತ್ತಾರೆ. ಅದೇ ಜನ ನಾಯಿಮರಿಗೆ ಮಾತ್ರ ಒಂದು ವಿಡಿಯೊ ನೋಡಿ ದುಡ್ಡು ಹಾಕಿಬಿಡುತ್ತಾರೆ. ಇದು ನನಗೆ ಅರ್ಥವೇ ಆಗುವುದಿಲ್ಲ.

2017ರ ನಾಯಿ ತಳಿ ಸಾಕಣೆ ನಿಯಮದ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ಅದಕ್ಕೆ ಕಾರಣವಿದೆ. ಆ ವಾರಗಳಲ್ಲೇ ಮರಿ ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಆಡುತ್ತಾ, ಎಷ್ಟು ಕಚ್ಚಿದರೆ ನೋವಾಗುತ್ತದೆ ಅಂತ ಕಲಿಯುತ್ತದೆ. ಸಣ್ಣ ತಳಿಯಲ್ಲಿ ಇನ್ನೊಂದು ಅಪಾಯ. ಕೆಲವು ಗಂಟೆ ಹೊಟ್ಟೆ ಖಾಲಿ ಇದ್ದರೆ ರಕ್ತದ ಸಕ್ಕರೆ ಇಳಿದು ಮರಿ ತೂರಾಡುತ್ತದೆ, ಫಿಟ್ಸ್ ಕೂಡ ಬರಬಹುದು. ಅಂಥ ಮರಿಯನ್ನು ಡಬ್ಬದಲ್ಲಿ ಹಾಕಿ ಬಸ್ಸಿನಲ್ಲಿ ತರುವುದು ಸರಿ ಅಲ್ಲ.

ಈಗ ಆ ಮೂರು ದಿನದ ಗ್ಯಾರಂಟಿ. ನಾಯಿಮರಿಗಳ ಜೀವ ತೆಗೆಯುವ ಪಾರ್ವೋ ಕಾಯಿಲೆಯ ವೈರಸ್ ಮೈ ಹೊಕ್ಕ ಮೇಲೆ ವಾಂತಿ, ರಕ್ತಭೇದಿ ಶುರುವಾಗಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಅಂದರೆ ಗ್ಯಾರಂಟಿ ಮುಗಿದ ಮೇಲೆ ಕಾಯಿಲೆ ಕಾಣುತ್ತದೆ. ಹೋದ ಮಳೆಗಾಲದಲ್ಲಿ ಗುಬ್ಬಿ ಕಡೆಯ ಒಂದು ಮನೆಯವರು ಪಗ್ ಮರಿ ತಂದಿದ್ದರು. ಐದನೇ ದಿನ ನನ್ನ ಹತ್ತಿರ ಬಂದರು. ಲಸಿಕೆ ಕಾರ್ಡಿನಲ್ಲಿ ಪೆನ್ನಿನಿಂದ ತಾರೀಖು ಬರೆದಿತ್ತು, ಅಷ್ಟೆ. ಲಸಿಕೆ ಬಾಟಲಿಯ ಸ್ಟಿಕ್ಕರ್ ಇಲ್ಲ, ವೈದ್ಯರ ಸಹಿ ಇಲ್ಲ, ನೋಂದಣಿ ಸಂಖ್ಯೆ ಇಲ್ಲ. ನಾಲ್ಕು ದಿನ ಡ್ರಿಪ್ ಹಾಕಿದೆವು. ಉಳಿಯಲಿಲ್ಲ. ಆ ಮನೆಯ ಹುಡುಗ ಖಾಲಿ ಬುಟ್ಟಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದು ನನಗೆ ಇನ್ನೂ ಮರೆತಿಲ್ಲ. ಮಾರಿದವರು ಫೋನ್ ಎತ್ತಲಿಲ್ಲ.

ಹಾಗಾಗಿ ಮರಿ ಹುಟ್ಟಿದ ಜಾಗಕ್ಕೇ ಹೋಗಿ. ತಾಯಿಯನ್ನು ಮರಿಗಳ ಜೊತೆ ನೋಡಿ. ಹಾಲು ಕುಡಿಸಿದ ತಾಯಿಯ ಮೊಲೆ ಜೋತಿರುತ್ತದೆ, ಮರಿಗಳು ಅದರ ಹತ್ತಿರ ಓಡಿ ಹೋಗುತ್ತವೆ. ಯಾವುದೋ ನಾಯಿ ತೋರಿಸಿ ಇದೇ ತಾಯಿ ಅಂದರೆ ಅಲ್ಲೇ ಗೊತ್ತಾಗುತ್ತದೆ. ತಾಯಿ ಮೂಳೆ ಬಿಟ್ಟುಕೊಂಡಿದೆಯಾ, ಜನ ಕಂಡರೆ ಮೂಲೆ ಸೇರುತ್ತದೆಯಾ ಗಮನಿಸಿ. ಎಷ್ಟನೇ ಸೂಲು ಅಂತ ಕೇಳಿ. ನಿಯಮದ ಪ್ರಕಾರ ತಾಯಿಗೆ 18 ತಿಂಗಳು ತುಂಬಿರಬೇಕು, ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದೇ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಪತ್ರ ತೋರಿಸಿ ಅನ್ನಿ. ಒಳ್ಳೆಯ ಬ್ರೀಡರ್ ಇದಕ್ಕೆ ಸಿಟ್ಟಾಗುವುದಿಲ್ಲ. ನಿಮ್ಮನ್ನೇ ಹತ್ತು ಪ್ರಶ್ನೆ ಕೇಳುತ್ತಾರೆ: ಹಗಲು ಮನೆಯಲ್ಲಿ ಯಾರಿರುತ್ತಾರೆ, ಮಕ್ಕಳಿಗೆ ಎಷ್ಟು ವಯಸ್ಸು, ಮರಿಯನ್ನು ಎಲ್ಲಿ ಮಲಗಿಸುತ್ತೀರಿ. ಮರಿ ಇಲ್ಲದಿದ್ದರೆ ಕಾಯಿರಿ ಅನ್ನುತ್ತಾರೆ. ಕಾಯಿರಿ.

ಇನ್ನು ಪೇಪರ್. ಕೆನಲ್ ಕ್ಲಬ್ ಆಫ್ ಇಂಡಿಯಾದ ಪತ್ರ ಅಪ್ಪ ಅಮ್ಮ ಯಾರು, ಯಾವ ತಳಿ ಅಂತ ಹೇಳುತ್ತದೆ. ಆರೋಗ್ಯದ ಬಗ್ಗೆ ಏನೂ ಹೇಳುವುದಿಲ್ಲ. ಅಸಲಿ ಪತ್ರದಲ್ಲಿ ಮರಿಯ ಚರ್ಮದಡಿ ಹಾಕಿದ ಮೈಕ್ರೋಚಿಪ್‌ನ ಸಂಖ್ಯೆ ಇರುತ್ತದೆ. ಸ್ಕ್ಯಾನರ್ ಇರುವ ವೈದ್ಯರ ಹತ್ತಿರ ಮರಿಯ ಮೈಯಲ್ಲಿರುವ ಸಂಖ್ಯೆಗೆ ತಾಳೆ ನೋಡಿಸಿ.

ಪ್ರಶ್ನೆ: ಟೀಕಪ್ (ತೀರಾ ಪುಟ್ಟ) ಪೊಮೇರಿಯನ್ ನಾಯಿ ಎಲ್ಲಿ ಸಿಗುತ್ತದೆ? (ಕ್ಯಾತಸಂದ್ರ)

ಉತ್ತರ: ಅಂಥ ತಳಿಯೇ ಇಲ್ಲ. ಬೆಳವಣಿಗೆ ಇಲ್ಲದ ಮರಿಗೆ ಹಾಗೆ ಹೆಸರಿಟ್ಟು ಜಾಸ್ತಿ ದುಡ್ಡು ಕೀಳುತ್ತಾರೆ.

ಪ್ರಶ್ನೆ: ಸಂತಾನಹರಣ ಆಪರೇಷನ್ ಮಾಡಿಸುವ ಮುಂಚೆ ಹೆಣ್ಣುನಾಯಿ ಒಂದು ಸಲವಾದರೂ ಮರಿ ಹಾಕಬೇಕಂತೆ, ಹೌದಾ? (ಕುಣಿಗಲ್)

ಉತ್ತರ: ಸುಳ್ಳು. ಸಣ್ಣ ತಳಿಗೆ ಹೆರಿಗೆಯೇ ಕಷ್ಟ, ಎಷ್ಟೋ ಸಲ ಸಿಸೇರಿಯನ್ ಬೇಕಾಗುತ್ತದೆ.

ಪ್ರಶ್ನೆ: ಪಾರ್ವೋ ಬಂದ ಮರಿಗೆ ಅರಿಶಿನ, ಪರಂಗಿ ಎಲೆ ರಸ ಕುಡಿಸಿದೆವು, ಸತ್ತುಹೋಯಿತು. ಈಗ ಇನ್ನೊಂದು ಮರಿ ತರಬಹುದಾ? (ಶಿರಾ)

ಉತ್ತರ: ವಾಂತಿ ಮಾಡುತ್ತಿರುವ ಮರಿಯ ಬಾಯಿಗೆ ರಸ ಹಿಂಡಲು ಹೇಳಿದವರ ಮಾತು ಇನ್ನು ಮೇಲೆ ಕೇಳಬೇಡಿ. ಅದಕ್ಕೆ ಬೇಕಾಗಿದ್ದು ಡ್ರಿಪ್. ಆ ವೈರಸ್ ಮನೆಯಲ್ಲಿ, ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್ ಸಾಲದು, ನೆಲವನ್ನು ಬ್ಲೀಚ್ ಹಾಕಿ ತೊಳೆಯಿರಿ. ಹಾಸಿಗೆ, ತಟ್ಟೆ ಎಸೆಯಿರಿ. ಈಗಲೇ ಮರಿ ತರಬೇಡಿ. ಮುಂದೆ ತರುವುದಾದರೆ ಪೂರ್ತಿ ಲಸಿಕೆ ಆಗಿ, 16 ವಾರ ದಾಟಿದ್ದನ್ನೇ ತನ್ನಿ.