ಟೆಕ್ಸಾಸ್‌ನ ಹಳ್ಳಿ ಕಡೆ ಲೇಔಟ್‌ನಲ್ಲಿ ಜಾಗ ಕೊಳ್ಳುವಾಗ, ಆ ರಸ್ತೆ ಯಾರದು ಅಂತ ಹೇಗೆ ತಿಳಿಯುವುದು?

ನಮಸ್ಕಾರ. ಆಸ್ಟಿನ್‌ನಿಂದ ಸುಮಾರು ಒಂದು ಗಂಟೆ ದೂರದಲ್ಲಿ, ಸಿಟಿ ಮಿತಿಯ ಹೊರಗೆ ಐದು ಎಕರೆ ಜಾಗ ನೋಡಿದ್ದೀರಿ. "ಪ್ಲ್ಯಾಟ್‌ಗೆ ಕೌಂಟಿ ಒಪ್ಪಿಗೆ ಸಿಕ್ಕಿದೆ, ರಸ್ತೆ ಚಿಂತೆ ನಿಮಗೆ ಬೇಡ" ಅಂತ ಮಾರುವವರು ಹೇಳಿದ್ದಾರೆ. (ಪ್ಲ್ಯಾಟ್ ಅಂದರೆ ಜಮೀನನ್ನು ಸೈಟು, ರಸ್ತೆಗಳಾಗಿ ತುಂಡು ಮಾಡಿ ತೋರಿಸುವ ಅಧಿಕೃತ ನಕ್ಷೆ; ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದು.) ಹತ್ತಿರದ ರಾಂಚ್ (ದನ ಸಾಕುವ ದೊಡ್ಡ ಜಮೀನು) ಒಂದರಲ್ಲಿ ಸಂಗೀತೋತ್ಸವ ನಡೆಯುತ್ತದಂತೆ. ಕೌಂಟಿ ಸಭೆಯ ಅಜೆಂಡಾ ತೆಗೆದು ನೋಡಿದರೆ ಮೇಲೆ ರೋಡಿಯೋ (ಕುದುರೆ, ಗೂಳಿ ಸವಾರಿಯ ಪಂದ್ಯ) ಕಾರ್ಯಕ್ರಮದ ಕರಾರು, ಅದರ ಕೆಳಗೇ ಯಾವುದೋ ಲೇಔಟ್ ರಸ್ತೆಯ ಅಗಲಕ್ಕೆ ವಿನಾಯಿತಿ. ಇವೆಲ್ಲ ಒಂದೇ ಸಭೆಯಲ್ಲಿ ಯಾಕೆ, ಇದರಲ್ಲಿ ನಮಗೆ ಸಂಬಂಧಪಟ್ಟದ್ದು ಯಾವುದು ಅಂತ ಕೇಳಿದ್ದೀರಿ.

ನಾನು ಸಿವಿಲ್ ಎಂಜಿನಿಯರ್. ಈ ಭಾಗದ ಲೇಔಟ್‌ಗಳ ರಸ್ತೆ, ಚರಂಡಿ, ಮೋರಿಗಳ ನಕ್ಷೆ ಮಾಡುವುದೇ ನನ್ನ ಕೆಲಸ. ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪ್ಲ್ಯಾಟ್‌ಗೆ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ರಸ್ತೆಯನ್ನು ಕೌಂಟಿ ವಹಿಸಿಕೊಂಡ ಹಾಗಲ್ಲ. ಅವೆರಡೂ ಬೇರೆ ಬೇರೆ ತೀರ್ಮಾನ. ಎರಡನೆಯದು ಆಗಿದೆಯೋ ಇಲ್ಲವೋ ಅಂತ ಕಾಗದದಲ್ಲಿ ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿ.

ಈಗ ಯಾರು ತೀರ್ಮಾನ ಮಾಡುತ್ತಾರೆ ಅನ್ನುವ ವಿಷಯ. ಟೆಕ್ಸಾಸ್‌ನಲ್ಲಿ 254 ಕೌಂಟಿಗಳಿವೆ. ಪ್ರತಿಯೊಂದನ್ನೂ ನಡೆಸುವುದು ಕಮಿಷನರ್ಸ್ ಕೋರ್ಟ್. ಹೆಸರಿಗೆ ಕೋರ್ಟ್, ನಿಜಕ್ಕೂ ಅದು ಕೌಂಟಿಯ ಆಡಳಿತ ಮಂಡಳಿ. ಅಲ್ಲಿ ಕೂರುವವರು ಐದೇ ಜನ: ಇಡೀ ಕೌಂಟಿ ಆರಿಸಿದ ಕೌಂಟಿ ಜಡ್ಜ್, ಮತ್ತು ಒಂದೊಂದು ಪ್ರಿಸಿಂಕ್ಟ್‌ನಿಂದ (ಕೌಂಟಿಯ ನಾಲ್ಕು ಭಾಗಗಳಲ್ಲಿ ಒಂದು) ಒಬ್ಬೊಬ್ಬರಂತೆ ನಾಲ್ವರು ಕಮಿಷನರ್‌ಗಳು. ಬಜೆಟ್, ರಸ್ತೆ, ಕೌಂಟಿಯ ಎಕ್ಸ್‌ಪೋ ಸೆಂಟರ್ (ಮೇಳ, ಪ್ರದರ್ಶನ ನಡೆಯುವ ಆವರಣ) ಬಾಡಿಗೆ, ಲೇಔಟ್ ಒಪ್ಪಿಗೆ, ಎಲ್ಲ ಈ ಐವರ ಮುಂದೆಯೇ ಬರುತ್ತದೆ. ಅದಕ್ಕೇ ನಿಮ್ಮ ಅಜೆಂಡಾದಲ್ಲಿ ರೋಡಿಯೋ ಪಕ್ಕದಲ್ಲೇ ರಸ್ತೆ ಕಂಡಿದ್ದು.

ಇಲ್ಲಿನ ಕೌಂಟಿಗಳಿಗೆ ಅಧಿಕಾರ ಬಹಳ ಕಡಿಮೆ. ರಾಜ್ಯದ ಸಂವಿಧಾನ ಮತ್ತು ಕಾನೂನು ಕೊಟ್ಟಷ್ಟು ಮಾತ್ರ. ಸಿಟಿ ಮಿತಿಯ ಹೊರಗೆ, ಕೆಲವು ವಿಶೇಷ ಜಾಗಗಳನ್ನು ಬಿಟ್ಟರೆ, ಯಾವ ಜಾಗದಲ್ಲಿ ಏನು ಕಟ್ಟಬಹುದು ಅಂತ ಗೊತ್ತುಮಾಡುವ ಝೋನಿಂಗ್ ಅನ್ನುವುದೇ ಇಲ್ಲ. ನಿಮ್ಮ ಪಕ್ಕದವರು ಮನೆ ಕಟ್ಟುತ್ತಾರೋ ಮದುವೆ ಮಂಟಪ ಕಟ್ಟುತ್ತಾರೋ ಅಂತ ಕೌಂಟಿ ಕೇಳುವ ಹಾಗಿಲ್ಲ. ಜಮೀನು ತುಂಡು ಮಾಡುವಾಗ ರಸ್ತೆ ಹೇಗಿರಬೇಕು, ನೀರು ಎಲ್ಲಿ ಹರಿಯಬೇಕು ಅನ್ನುವುದೇ ಅದರ ಕೈಯಲ್ಲಿ ಗಟ್ಟಿಯಾಗಿ ಉಳಿದಿರುವ ಮುಖ್ಯ ಹಿಡಿತ. ಆ ಹಿಡಿತ ಒಮ್ಮೆ ಸಡಿಲವಾದರೆ ಮತ್ತೆ ಬಿಗಿ ಮಾಡಲು ಆಗುವುದಿಲ್ಲ. ನನಗೆ ಈ ವಿಷಯದಲ್ಲಿ ಇಷ್ಟು ಕಾಳಜಿ ಇರುವುದಕ್ಕೆ ಕಾರಣವೇ ಅದು.

ಲೋಕಲ್ ಗವರ್ನಮೆಂಟ್ ಕೋಡ್‌ನ 232ನೇ ಅಧ್ಯಾಯದಲ್ಲಿ ಇದರ ನಿಯಮಗಳಿವೆ. ಒಳಗಿನ ಸಾಮಾನ್ಯ ರಸ್ತೆಗೆ 40ರಿಂದ 70 ಅಡಿ, ಮುಖ್ಯ ರಸ್ತೆಗೆ 50ರಿಂದ 100 ಅಡಿ ಜಾಗ ಬಿಡಿಸಬಹುದು. ಆ ಜಾಗದ ಒಳಗೆ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸಾಮಾನ್ಯ ರಸ್ತೆ 25ರಿಂದ 35 ಅಡಿ, ಮುಖ್ಯ ರಸ್ತೆ 32ರಿಂದ 56 ಅಡಿ ಅಗಲ. ಈ ಮಿತಿಯೊಳಗೆ ಕೌಂಟಿಗೊಂದು ಅಳತೆ. ರಸ್ತೆ ಸರಿಯಾಗಿ ಮುಗಿಸುತ್ತೇವೆ ಅನ್ನುವುದಕ್ಕೆ ಡೆವಲಪರ್‌ನಿಂದ ಬಾಂಡ್ (ಕೆಲಸ ಮುಗಿಸದಿದ್ದರೆ ಕೌಂಟಿಗೆ ಹಣ ಸಿಗುವ ಖಾತರಿ) ಅಥವಾ ಅಂಥದ್ದೇ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ಕೇಳಬಹುದು. ಆದರೆ ತಾನು ಹೊಸದಾಗಿ ಮಾಡುವ, ಅಷ್ಟೇ ಓಡಾಟ ಇರುವ ರಸ್ತೆಗಿಂತ ಮೇಲಿನ ಗುಣಮಟ್ಟವನ್ನು ಡೆವಲಪರ್ ಮೇಲೆ ಹೇರುವ ಹಾಗಿಲ್ಲ. ಪೂರ್ತಿ ಅರ್ಜಿ ಬಂದ ಮೇಲೆ ತೀರ್ಮಾನಕ್ಕೆ 30 ದಿನ ಅಷ್ಟೆ. ಅಷ್ಟರೊಳಗೆ ಏನೂ ಹೇಳದಿದ್ದರೆ ಒಪ್ಪಿದ ಹಾಗೆ.

ಒಂದು ದೊಡ್ಡ ವಿನಾಯಿತಿ ಇದೆ, ಅದನ್ನು ನೀವು ತಿಳಿದಿರಲೇಬೇಕು. ಎಲ್ಲ ತುಂಡುಗಳೂ 10 ಎಕರೆಗಿಂತ ದೊಡ್ಡದಾಗಿದ್ದು, ಸಾರ್ವಜನಿಕರಿಗೆ ಅಂತ ರಸ್ತೆ ಬಿಡದಿದ್ದರೆ ಪ್ಲ್ಯಾಟ್ ಬೇಕಾಗಿಲ್ಲ. ಜಾಹೀರಾತುಗಳಲ್ಲಿ 10.01 ಎಕರೆ ಅನ್ನುವ ಅಳತೆ ಕಾಣುತ್ತದಲ್ವಾ, ಅದು ಇದಕ್ಕೇ. ಅಂಥ ಕಡೆ ದಾರಿ ಅಂದರೆ ಒಬ್ಬರ ಜಮೀನಿನ ಮೇಲೆ ಇನ್ನೊಬ್ಬರಿಗೆ ಓಡಾಡುವ ಹಕ್ಕು ಮಾತ್ರ. ಗುಂಡಿ ಬಿದ್ದರೆ ಯಾರೂ ಬರುವುದಿಲ್ಲ. ನಿಮ್ಮದು ಐದು ಎಕರೆ, ಆದ್ದರಿಂದ ಪ್ಲ್ಯಾಟ್ ಆಗಿರುವುದು ಒಳ್ಳೆಯ ಲಕ್ಷಣವೇ.

ಇಷ್ಟಾದರೂ ಪ್ರಶ್ನೆ ಮುಗಿಯಲಿಲ್ಲ. ಪ್ಲ್ಯಾಟ್ ಒಪ್ಪುವಾಗ ಕೌಂಟಿ ಹೇಳುವುದು "ನಕ್ಷೆ ನಿಯಮಕ್ಕೆ ಸರಿಯಾಗಿದೆ" ಅಂತ ಮಾತ್ರ. ರಸ್ತೆ ನಿಜವಾಗಿ ಕಟ್ಟಿ, ಪರೀಕ್ಷೆ ಮಾಡಿಸಿ, ಆಮೇಲೆ ಡೆವಲಪರ್ ಬಂದು "ಇದನ್ನು ನೀವು ವಹಿಸಿಕೊಳ್ಳಿ" ಅಂತ ಕೇಳಬೇಕು. ಹಲವು ಕೌಂಟಿಗಳು ಒಂದೆರಡು ವರ್ಷ ಅವರೇ ರಿಪೇರಿ ನೋಡಿಕೊಳ್ಳಲಿ ಅಂತ ಇನ್ನೊಂದು ಬಾಂಡ್ ತೆಗೆದುಕೊಳ್ಳುತ್ತವೆ. ಕೊನೆಗೆ ಸಭೆಯಲ್ಲಿ ಮತ ಹಾಕಿ ವಹಿಸಿಕೊಂಡರೆ ಅದು ನಡಾವಳಿಯಲ್ಲಿ ದಾಖಲಾಗುತ್ತದೆ. ಆ ನಡಾವಳಿಯ ಪುಟವೇ ನಿಮಗೆ ಬೇಕಾದ ಕಾಗದ. ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ರಸ್ತೆಯ ಹೆಸರು, ಪ್ಲ್ಯಾಟ್‌ನ ಹೆಸರು ಹೇಳಿ ಕೇಳಿ. ಜೊತೆಗೆ ಪ್ಲ್ಯಾಟ್‌ನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಟಿಪ್ಪಣಿಗಳನ್ನು ಓದಿ. "ರಸ್ತೆಗಳು ಖಾಸಗಿ, ನಿರ್ವಹಣೆ ಮಾಲೀಕರ ಸಂಘದ್ದು" ಅಂತ ಬಹಳ ಸಲ ಅಲ್ಲೇ ಬರೆದಿರುತ್ತದೆ.

ಖಾಸಗಿ ರಸ್ತೆ ಅಂತ ಗೊತ್ತಾದ ಮೇಲೆ, "ಕಮಿಷನರ್‌ಗೆ ಹೇಳಿ ಒಂದು ಸಲ ರಸ್ತೆ ಸಮ ಮಾಡುವ ಗ್ರೇಡರ್ ಓಡಿಸಿದರಾಯಿತು" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಾರ್ವಜನಿಕ ಹಣವನ್ನು ಖಾಸಗಿಯವರಿಗೆ ಕೊಡಬಾರದು ಅಂತ ಟೆಕ್ಸಾಸ್ ಸಂವಿಧಾನದ ಮೂರನೇ ವಿಧಿಯ 52ನೇ ಸೆಕ್ಷನ್ ಹೇಳುತ್ತದೆ. ಖಾಸಗಿ ರಸ್ತೆಗೆ ಕೌಂಟಿ ಜಲ್ಲಿ ಸುರಿಯುವುದೂ ಇದರಲ್ಲಿ ಸೇರುತ್ತದೆ. 7,500ಕ್ಕಿಂತ ಜಾಸ್ತಿ ಜನ ಇಲ್ಲದ ಪುಟ್ಟ ಕೌಂಟಿಗಳು ಮಾತ್ರ, ದುಡ್ಡು ತೆಗೆದುಕೊಂಡು ಅಂಥ ಕೆಲಸ ಮಾಡಬಹುದು. ಆಸ್ಟಿನ್ ಸುತ್ತಮುತ್ತ ಅಷ್ಟು ಸಣ್ಣ ಕೌಂಟಿ ಇಲ್ಲ.

ನನಗೆ ಪರಿಚಯದ ಒಂದು ಕುಟುಂಬ ಇಂಥ ಲೇಔಟ್‌ನಲ್ಲಿ ಇದೆ. ಮಾಲೀಕರ ಸಂಘ ಕಾಗದದಲ್ಲಿ ಇತ್ತು, ಆದರೆ ಯಾರೂ ವಂತಿಗೆ ಎತ್ತಲಿಲ್ಲ. ಎರಡು ಮಳೆಗಾಲಕ್ಕೆ ಡಾಂಬರು ಎದ್ದು ಹೋಯಿತು. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ಆಂಬ್ಯುಲೆನ್ಸ್ ಬರಬೇಕಾದರೆ ಗೇಟಿನ ತನಕ ಯಾರಾದರೂ ಹೋಗಿ ದಾರಿ ತೋರಿಸಬೇಕು. ಮಕ್ಕಳ ಶಾಲೆ ಬಸ್ಸು ಒಳಗೆ ಬರುವುದಿಲ್ಲ. ಅವರು ಕೆಟ್ಟ ಜಾಗ ಕೊಂಡಿರಲಿಲ್ಲ, ಮರಗಳು, ಹಳ್ಳ, ಎಲ್ಲ ಚೆನ್ನಾಗಿಯೇ ಇದೆ. ರಸ್ತೆಯ ಕಾಗದವನ್ನು ಅವರಿಗೆ ಯಾರೂ ತೋರಿಸಲಿಲ್ಲ, ಅಷ್ಟೆ.

ಅವರಂಥವರಿಗೆ ಒಂದು ದಾರಿ ಉಂಟು. ಟ್ರಾನ್ಸ್‌ಪೋರ್ಟೇಷನ್ ಕೋಡ್‌ನ 253ನೇ ಅಧ್ಯಾಯದ ಪ್ರಕಾರ, ಲೇಔಟ್‌ನ ಮಾಲೀಕರಿಗೆ ಮತಪತ್ರ ಕಳಿಸಿ, ಬಹುಮತ ಬಂದರೆ ಕೌಂಟಿ ರಸ್ತೆಯನ್ನು ತನ್ನ ಮಟ್ಟಕ್ಕೆ ತರಬಹುದು. ಖರ್ಚನ್ನು ಮಾಲೀಕರ ಮೇಲೆ ಹಂಚುತ್ತಾರೆ, ಅದು ಆಸ್ತಿಯ ಮೇಲೆ ಸಾಲವಾಗಿ ಕೂರುತ್ತದೆ. ಒಳ್ಳೆಯ ಕಾನೂನು, ಆದರೆ ನೆರೆಯವರನ್ನು ಒಪ್ಪಿಸುವುದು ಸುಲಭವಲ್ಲ. ಗೇಟಿನ ಹತ್ತಿರದ ಮನೆಯವರಿಗೆ ಗುಂಡಿ ಕಾಣುವುದಿಲ್ಲ, ಕೊನೆಯ ಮನೆಯವರಿಗೆ ಮಾತ್ರ ಕಾಣುತ್ತದೆ.

ಮಣ್ಣಿನ ಬಗ್ಗೆಯೂ ಹೇಳಬೇಕು. ಐ-35 ಹೆದ್ದಾರಿಯ ಪೂರ್ವಕ್ಕೆ ಜಾಗ ಇದ್ದರೆ ಅದು ಬ್ಲ್ಯಾಕ್‌ಲ್ಯಾಂಡ್, ನಮ್ಮ ಗದಗ, ಧಾರವಾಡ ಕಡೆಯ ಎರೆಮಣ್ಣು ಇದ್ದ ಹಾಗೆ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಲ್ಲಿ ಸುಣ್ಣ ಬೆರೆಸಿ ಮಣ್ಣು ಗಟ್ಟಿ ಮಾಡದೆ ರಸ್ತೆ ಹಾಕಿದರೆ ಅಂಚುಗಳು ಬೇಗ ಒಡೆಯುತ್ತವೆ. ಪಶ್ಚಿಮಕ್ಕೆ, ಬರ್ನೆಟ್, ಲ್ಲಾನೋ ಕಡೆ ಹೋದರೆ ಕಲ್ಲು. ತಳ ಗಟ್ಟಿ, ಆದರೆ ಮಳೆ ನೀರು ಇಂಗದೆ ಒಮ್ಮೆಲೇ ಹಳ್ಳಕ್ಕೆ ನುಗ್ಗುತ್ತದೆ. ಹಳ್ಳದ ತಳಕ್ಕೇ ಇಳಿದು ದಾಟುವ ರಸ್ತೆಗಳು ಅಲ್ಲಿ ಬಹಳ. 2025ರ ಜುಲೈ 4ರ ಬೆಳಗಿನ ಜಾವ ಗ್ವಾಡಲೂಪೆ ನದಿ ಏರಿದಾಗ ಕೆರ್ ಕೌಂಟಿ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಅಂಥ ಕಡೆ ಹೊರಗೆ ಹೋಗಲು ಇನ್ನೊಂದು ದಾರಿ ಇದೆಯಾ ಅಂತ ಕೇಳುವುದು ಜೀವದ ಪ್ರಶ್ನೆ. ಬಿಸಿಲಿನ ದಿನ ಜಾಗ ನೋಡಿಕೊಂಡು ಬಂದರೆ ಸಾಲದು. ಜೋರು ಮಳೆಯ ಮರುದಿನವೂ ಹೋಗಿ ನೋಡಿ. ಮೋರಿಯ ಬಾಯಿಗೆ ಕಸ ಕಟ್ಟಿದೆಯಾ, ನೀರು ರಸ್ತೆ ಮೇಲೆ ಹರಿದ ಗುರುತಿದೆಯಾ ಅಂತ ಗಮನಿಸಿ.

"ಇಷ್ಟೆಲ್ಲ ನಿಯಮ ಯಾಕೆ, ಜಮೀನು ತುಟ್ಟಿಯಾಗುತ್ತದೆ" ಅಂತ ಸಭೆಗಳಲ್ಲಿ ಜನ ವಾದ ಮಾಡುತ್ತಾರೆ. ಆ ಮಾತಿನಲ್ಲಿ ಸತ್ಯ ಇದೆ, ರಸ್ತೆಯ ಖರ್ಚು ಕೊನೆಗೆ ಸೈಟ್ ಬೆಲೆಗೇ ಸೇರುತ್ತದೆ. ಆದರೆ ಮೆಕ್ಸಿಕೋ ಗಡಿಯ ಹಿಡಾಲ್ಗೋ, ಎಲ್ ಪಾಸೋ ಕೌಂಟಿಗಳ ಕೊಲೋನಿಯಾ ಅನ್ನುವ ಬಡವರ ಬಡಾವಣೆಗಳನ್ನು ನೋಡಿದವರು ಹಾಗೆ ಹೇಳುವುದಿಲ್ಲ. ಬಡ ಕೂಲಿ ಕುಟುಂಬಗಳಿಗೆ ರಸ್ತೆ, ನೀರು, ಒಳಚರಂಡಿ ಏನೂ ಇಲ್ಲದ ತುಂಡುಗಳನ್ನು ಕಂತಿನ ಮೇಲೆ ಮಾರಿದರು. ರಾಜ್ಯ 1989ರಲ್ಲಿ, ಮತ್ತೆ 1995ರಲ್ಲಿ ಕಾನೂನು ಬಿಗಿ ಮಾಡಿತು. ಅಷ್ಟರಲ್ಲಿ ಲಕ್ಷಾಂತರ ಜನ ಅಲ್ಲಿ ನೆಲೆಸಿಯಾಗಿತ್ತು. ಮಾರಿದವರು ಉಳಿಸಿದ ಖರ್ಚನ್ನು ಆ ಕುಟುಂಬಗಳೂ ಸರ್ಕಾರವೂ ಇಂದಿಗೂ ತೆರುತ್ತಿವೆ. ಅದಕ್ಕೇ ಅಜೆಂಡಾದಲ್ಲಿ ವಿನಾಯಿತಿ ಅನ್ನುವ ಸಾಲು ಕಂಡಾಗ ನಾನು ತಡೆದು ಓದುತ್ತೇನೆ. ಕಾರಣ ಸರಿಯಾಗಿದ್ದರೆ ಕೊಡಲಿ, ಮರ ಉಳಿಸುವುದಕ್ಕೋ ಬಂಡೆ ತಪ್ಪಿಸುವುದಕ್ಕೋ ಅಂತ. ಖರ್ಚು ಉಳಿಸುವುದಕ್ಕೆ ಅಂತ ಮಾತ್ರ ಆದರೆ ಬೇಡ. ಅಗ್ನಿಶಾಮಕ ವಾಹನಕ್ಕೆ ಬೇಕಾದ್ದು 20 ಅಡಿ ತೆರವಾದ ದಾರಿ, ಅದು ಯಾವ ಕಾರಣಕ್ಕೂ ಕಡಿಮೆಯಾಗಬಾರದು.

ಇನ್ನು ಉತ್ಸವಗಳ ವಿಷಯ. ಇದರಲ್ಲಿ ಎರಡು ಬಗೆ.

ಕೌಂಟಿಯದೇ ಜಾಗದಲ್ಲಿ ನಡೆಯುವುದು ಒಂದು. ಬೆಲ್ಟನ್‌ನಲ್ಲಿ ಬೆಲ್ ಕೌಂಟಿ ಎಕ್ಸ್‌ಪೋ ಸೆಂಟರ್ ಇದೆ, ಟೇಲರ್‌ನಲ್ಲಿ ವಿಲಿಯಮ್ಸನ್ ಕೌಂಟಿಯದು ಇದೆ. ದೊಡ್ಡ ಮಟ್ಟದಲ್ಲಿ ಹೇಳುವುದಾದರೆ, 2019ರ ಸೆಪ್ಟೆಂಬರ್ 22ರಂದು 'ಹೌಡಿ ಮೋದಿ' ನಡೆದ ಹ್ಯೂಸ್ಟನ್‌ನ ಎನ್‌ಆರ್‌ಜಿ ಸ್ಟೇಡಿಯಂ ಕೂಡ ಹ್ಯಾರಿಸ್ ಕೌಂಟಿಯ ಆಸ್ತಿಯೇ. ಇಂಥ ಕರಾರು ಬಂದಾಗ ನೋಡಬೇಕಾದ್ದು ಬಾಡಿಗೆ ಎಷ್ಟು ಅನ್ನುವುದಕ್ಕಿಂತ ಬೇರೆ ಸಾಲುಗಳನ್ನು. ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಸಿಬ್ಬಂದಿಯ ಓವರ್‌ಟೈಮ್ ಯಾರು ಕೊಡುತ್ತಾರೆ? ಪಾರ್ಕಿಂಗ್ ದುಡ್ಡು ಯಾರಿಗೆ? ವಿಮೆಯಲ್ಲಿ ಕೌಂಟಿಯ ಹೆಸರಿದೆಯಾ? ಕಾರ್ಯಕ್ರಮ ರದ್ದಾದರೆ ಠೇವಣಿ ಏನಾಗುತ್ತದೆ? ಈ ಸಾಲುಗಳು ಸಡಿಲ ಇದ್ದರೆ ಕೊರತೆ ತುಂಬುವುದು ತೆರಿಗೆ ಹಣವೇ.

ಇನ್ನೊಂದು ಬಗೆ ನಿಮ್ಮ ಪಕ್ಕದ ರಾಂಚ್‌ನಂಥದು, ಖಾಸಗಿ ಜಾಗದ್ದು. ಅದಕ್ಕೆ ಹೆಲ್ತ್ ಅಂಡ್ ಸೇಫ್ಟಿ ಕೋಡ್‌ನ 751ನೇ ಅಧ್ಯಾಯ ಇದೆ. ಸಿಟಿ ಹೊರಗೆ 2,500ಕ್ಕೂ ಹೆಚ್ಚು ಜನ ಸೇರಿ, ಐದು ಗಂಟೆಗಿಂತ ಜಾಸ್ತಿ ಹೊತ್ತು ಇರುವುದಾದರೆ, ಅಥವಾ ರಾತ್ರಿ 10ರಿಂದ ಬೆಳಗಿನ 4ರ ನಡುವೆ ಇರುವುದಾದರೆ, ಆಯೋಜಕರು ಕನಿಷ್ಠ 45 ದಿನ ಮೊದಲು ಕೌಂಟಿ ಜಡ್ಜ್‌ಗೆ ಅರ್ಜಿ ಹಾಕಬೇಕು. ಆರೋಗ್ಯ ಅಧಿಕಾರಿ, ಫೈರ್ ಮಾರ್ಷಲ್, ಶೆರಿಫ್ ವರದಿ ಕೊಡುತ್ತಾರೆ. ವಿಚಾರಣೆ ನಡೆಯುತ್ತದೆ, ಅಲ್ಲಿ ನೀವೂ ಹೋಗಿ ಮಾತಾಡಬಹುದು. "ಗದ್ದಲ ಆಗುತ್ತದೆ" ಅಂತ ಸುಮ್ನೆ ಹೇಳಿದರೆ ಪ್ರಯೋಜನ ಕಡಿಮೆ. "ಈ ರಸ್ತೆ ಇಷ್ಟು ಅಡಿ ಅಗಲ, ಹೊರಗೆ ಹೋಗಲು ಇದೊಂದೇ ದಾರಿ, ಆಂಬ್ಯುಲೆನ್ಸ್ ಹೇಗೆ ಬರುತ್ತದೆ" ಅಂತ ಕೇಳಿ. ಅದಕ್ಕೆ ಆಯೋಜಕರು ಉತ್ತರ ಕೊಡಲೇಬೇಕಾಗುತ್ತದೆ.

2024ರ ಏಪ್ರಿಲ್ 8ರ ಸೂರ್ಯಗ್ರಹಣ ಇದಕ್ಕೆ ಒಳ್ಳೆಯ ಉದಾಹರಣೆ. ಬರ್ನೆಟ್ ಕೌಂಟಿಯ ರೆವೆಲೀ ಪೀಕ್ ರಾಂಚ್‌ನಲ್ಲಿ ದಿನಗಟ್ಟಲೆ ಉತ್ಸವ ನಡೆಯಿತು, ಸಾವಿರಾರು ಜನ ಟೆಂಟ್ ಹಾಕಿದ್ದರು. ಬಿರುಗಾಳಿಯ ಮುನ್ಸೂಚನೆ ಬಂದು, ಗ್ರಹಣದ ದಿನವೇ ಉತ್ಸವ ನಿಲ್ಲಿಸಿ ಎಲ್ಲರನ್ನೂ ಹೊರಡಲು ಹೇಳಿದರು. ಅಷ್ಟೂ ಗಾಡಿಗಳು ಹಳ್ಳಿ ರಸ್ತೆಯಿಂದಲೇ ಹೊರಬರಬೇಕು. ರಸ್ತೆ ಅಗಲದ ನಿಯಮ, ಉತ್ಸವದ ಪರವಾನಗಿ ಎರಡೂ ಕೂಡುವುದು ಇಲ್ಲೇ. ಬೆಲ್ ಕೌಂಟಿಯಂಥವು ಆ ಗ್ರಹಣಕ್ಕೆ ವಾರಗಳ ಮೊದಲೇ ವಿಪತ್ತು ಘೋಷಣೆ ಮಾಡಿ ತಯಾರಾಗಿದ್ದವು. ಜನ ಎಷ್ಟು ಬರಲಿ, ರಸ್ತೆ ಇದ್ದಷ್ಟೇ ಅಗಲ ಅನ್ನುವುದು ಅವರಿಗೆ ಗೊತ್ತಿತ್ತು.

ನೀವು ಮಾಡಬೇಕಾದ ಕೆಲಸ ಇಷ್ಟು. ಮನೆ ಬಾಗಿಲಿಂದ ಹೆದ್ದಾರಿವರೆಗಿನ ದಾರಿಯನ್ನು ಒಂದು ಹಾಳೆಯಲ್ಲಿ ಬರೆದು ತುಂಡು ತುಂಡಾಗಿ ನೋಡಿ. ಲೇಔಟ್ ಒಳಗಿನದು ಖಾಸಗಿಯೋ ಕೌಂಟಿಯದೋ, ಅದು ಸೇರುವ ಹಳೆಯ ರಸ್ತೆ ಕೌಂಟಿಯದೋ, ಆಮೇಲೆ ಬರುವ ಎಫ್‌ಎಂ (ಫಾರ್ಮ್ ಟು ಮಾರ್ಕೆಟ್, ಹಳ್ಳಿಯನ್ನು ಪೇಟೆಗೆ ಜೋಡಿಸುವ) ರಸ್ತೆ ರಾಜ್ಯದ ಸಾರಿಗೆ ಇಲಾಖೆಯದು. ಪ್ರತಿ ತುಂಡಿಗೂ ಒಂದು ಕಾಗದ ಇರಬೇಕು. ಆಮೇಲೆ ನಿಮ್ಮ ಪ್ರಿಸಿಂಕ್ಟ್‌ನ ಕಮಿಷನರ್ ಕಚೇರಿಗೆ ಫೋನ್ ಮಾಡಿ, ರಸ್ತೆಯ ಹೆಸರು ಹೇಳಿ "ಇದು ನಿಮ್ಮ ನಿರ್ವಹಣೆ ಪಟ್ಟಿಯಲ್ಲಿದೆಯಾ" ಅಂತ ಕೇಳಿ. ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ.

ಸಭೆಗೂ ಒಮ್ಮೆ ಹೋಗಿ ಬನ್ನಿ. ಸಾಮಾನ್ಯವಾಗಿ ವಾರದ ದಿನ, ಬೆಳಗ್ಗೆ ಇರುತ್ತದೆ. ಅಜೆಂಡಾವನ್ನು ದಿನಗಳ ಮೊದಲೇ ಹಾಕಬೇಕು ಅಂತ ಕಾನೂನಿದೆ. ಅಜೆಂಡಾದಲ್ಲಿರುವ ವಿಷಯದ ಮೇಲೆ ಮಾತಾಡುವ ಹಕ್ಕು 2019ರಿಂದ ಎಲ್ಲರಿಗೂ ಇದೆ. ಗ್ರೀನ್ ಕಾರ್ಡ್ ಇಲ್ಲ, ಮತದಾನದ ಹಕ್ಕಿಲ್ಲ ಅಂತ ನಮ್ಮವರು ಬಹಳ ಜನ ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ಹೆಸರು ಬರೆದುಕೊಟ್ಟರೆ ಮೈಕ್ ಮುಂದೆ ಕರೆಯುತ್ತಾರೆ, ಕೆಲವು ನಿಮಿಷ ಸಿಗುತ್ತದೆ. ವಾರದ ದಿನವಾದ್ದರಿಂದ ಬರುವವರೇ ಕಡಿಮೆ, ಹಾಗಾಗಿ ತಯಾರಾಗಿ ಬಂದ ಒಬ್ಬರ ಮಾತನ್ನೂ ಐವರು ಗಮನ ಕೊಟ್ಟು ಕೇಳುವುದನ್ನು ನಾನು ನೋಡಿದ್ದೇನೆ.

ಜಾಗ ಯಾವ ಕೌಂಟಿಯಲ್ಲಿದೆ ಅಂತ ನೀವು ಬರೆದಿಲ್ಲ. ಅದನ್ನೂ ಪ್ಲ್ಯಾಟ್‌ನ ಹೆಸರನ್ನೂ ತಿಳಿಸಿದರೆ, ಆ ಕೌಂಟಿಯ ನಿಯಮ ಪುಸ್ತಕದಲ್ಲಿ ಯಾವ ಭಾಗ ಓದಬೇಕು ಅಂತ ಬರೆಯುತ್ತೇನೆ.