ಓದುಗರ ಪ್ರಶ್ನೆ: ಜೀತದ ನೆನಪಿಗೆ ಎಂಥ ಸ್ಮಾರಕ?

ಪ್ರಶ್ನೆ: ಜೀತದಲ್ಲೇ ಜೀವ ಸವೆಸಿದ ನಮ್ಮ ಹಾಡಿಯ ಹಿರಿಯರಿಗೆ ಸ್ಮಾರಕ ಮಾಡಿಸಬೇಕೆಂದಿದ್ದೇವೆ. ಸಂಕೋಲೆ ಹರಿದು ನಿಂತ ಆಳಿನ ಪ್ರತಿಮೆಯೇ ಆಗಲಿ ಎಂದು ಸಂಘದಲ್ಲಿ ಕೆಲವರ ಹಟ. ರಸ್ತೆ ಬದಿ ಜಾಗವಿದೆ. ಮುಂದುವರಿಯಬಹುದೇ?
— ಓದುಗರೊಬ್ಬರು, ಪೊನ್ನಂಪೇಟೆ ತಾಲ್ಲೂಕು

ಉತ್ತರ: ರಸ್ತೆ ಬದಿ ಬೇಡವೇ ಬೇಡ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಕೂಡದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ರಾಜ್ಯಗಳಿಗೆ ಆದೇಶಿಸಿದೆ. ಸಮುದಾಯ ಭವನದ ಅಂಗಳವೋ ಶಾಲೆಯ ಆವರಣವೋ ಸಿಗುತ್ತದೆಯೇ ನೋಡಿ. ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ, ಜಾಗದ ದಾಖಲೆಯ ನಕಲಿನೊಂದಿಗೆ ಪಂಚಾಯಿತಿಗೆ ಅರ್ಜಿ ಕೊಡಿ. ಜಾಗ ಅರಣ್ಯದ್ದಾದರೆ ಪಂಚಾಯಿತಿ ಒಪ್ಪಿಗೆಯೊಂದೇ ಸಾಲದು.

ಇನ್ನು ಪ್ರತಿಮೆ. ವಾಷಿಂಗ್ಟನ್ನಿನಲ್ಲಿ 1876ರಲ್ಲಿ ಅನಾವರಣಗೊಂಡ ವಿಮೋಚನಾ ಸ್ಮಾರಕಕ್ಕೆ ಹಣ ಕೂಡಿಸಿಕೊಟ್ಟವರು ಬಿಡುಗಡೆಯಾದ ಗುಲಾಮರೇ. ಮೊದಲ 5 ಡಾಲರ್ ಷಾರ್ಲಟ್ ಸ್ಕಾಟ್ ಎಂಬಾಕೆಯದು. ಆದರೆ ಹೇಗಿರಬೇಕೆಂದು ತೀರ್ಮಾನಿಸಿದವರು ಬೇರೆ. ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಕನ್ ನಿಂತಿದ್ದಾರೆ, ಕಪ್ಪು ಮನುಷ್ಯ ಕಾಲ ಬಳಿ ಮಂಡಿಯೂರಿದ್ದಾನೆ. ಅದರದೇ ಇನ್ನೊಂದು ಪ್ರತಿಯನ್ನು ಬಾಸ್ಟನ್ ನಗರ 2020ರಲ್ಲಿ ಕಿತ್ತು ತೆಗೆಸಿತು. ನಿಮ್ಮ ಸಂಘದಲ್ಲಿ ಯರವ, ಪಣಿಯ ಬುಡಕಟ್ಟುಗಳ ಮನೆಗಳ ಹಿರಿಯರು, ಅದರಲ್ಲೂ ಹೆಂಗಸರು, ಎಷ್ಟು ಮಂದಿ ಇದ್ದಾರೆ? ಅವರ ಮಾತು ಕೇಳುವ ತನಕ ಶಿಲ್ಪಿಗೆ ಮುಂಗಡ ಕೊಡಬೇಡಿ.

ಫ್ರಾನ್ಸಿನ ನಾಂಟ್ ಊರು ಗುಲಾಮರ ಸಾಗಣೆಯಿಂದಲೇ ಸಿರಿವಂತವಾದ ಬಂದರು. ಅಲ್ಲಿ 2012ರಲ್ಲಿ ತೆರೆದ ಸ್ಮಾರಕದ ನೆಲದಲ್ಲಿ ಸುಮಾರು 2,000 ಗಾಜಿನ ಫಲಕಗಳಿವೆ. ಅವುಗಳಲ್ಲಿ 1,710 ಫಲಕಗಳ ಮೇಲೆ ಹಡಗಿನ ಹೆಸರು, ಹೊರಟ ತಾರೀಕು. ಹಡಗಿನ ಹೆಸರೂ ತಾರೀಕೂ ಓದಿದವನಿಗೆ ಇದೆಲ್ಲ ಎಂದೋ ಎಲ್ಲೋ ನಡೆದದ್ದು ಎಂದು ತಳ್ಳಿಹಾಕಲು ಆಗುವುದಿಲ್ಲ. ನೀವೂ ಹೆಸರು, ಊರು, ಇಸವಿಗೇ ಹಣ ಹಾಕಿ.

ಎಡವುವುದು ಹೆಚ್ಚಾಗಿ ಬರಹದಲ್ಲೇ. ‘1843ರಲ್ಲಿ ಗುಲಾಮಗಿರಿ ಕೊನೆಗೊಂಡಿತು’ ಎಂದು ಕೆತ್ತಿಸಬೇಡಿ. ಆ ಇಸವಿಯ ಗುಲಾಮಗಿರಿ ಕಾಯ್ದೆ ಕೋರ್ಟು ಕಚೇರಿಗಳು ಆಳಿನ ಮೇಲೆ ಒಡೆಯನ ಹಕ್ಕನ್ನು ಮಾನ್ಯ ಮಾಡಬಾರದೆಂದಿತೇ ಹೊರತು ಒಡೆಯನಿಗೆ ಶಿಕ್ಷೆಯನ್ನೇನೂ ಇಡಲಿಲ್ಲ. ಮಾರಾಟ, ಖರೀದಿ ಅಪರಾಧವಾದದ್ದು 1860ರ ದಂಡ ಸಂಹಿತೆಯಿಂದ. ಸಾಲಕ್ಕೆ ಕಟ್ಟಿದ ಜೀತ ಅದರ ಆಚೆಗೂ ಉಳಿದದ್ದರಿಂದಲೇ 1976ರ ಜೀತ ರದ್ದತಿ ಕಾಯ್ದೆ ಬೇಕಾಯಿತು. ವಯನಾಡಿನ ವಳ್ಳಿಯೂರುಕಾವು ಜಾತ್ರೆಯಲ್ಲಿ ವರ್ಷದ ಆಳಾಗಿ ನಿಲ್ಲಲು ಕೊಡುತ್ತಿದ್ದ ‘ನಿಪ್ಪುಪಣ’ದ ನೆನಪು ನಿಮ್ಮ ಕಡೆಯ ಹಿರಿಯರಲ್ಲಿದ್ದರೆ, ಯಾರು, ಯಾವ ಮನೆಗೆ, ಯಾವ ವರ್ಷ ಎಂದು ಬರೆದಿಟ್ಟುಕೊಳ್ಳಿ. ಒಡೆಯರ ಮನೆತನದ ಹೆಸರನ್ನು ಮಾತ್ರ ದಾಖಲೆಯಿಲ್ಲದೆ ಕಲ್ಲಿಗೇರಿಸಬೇಡಿ, ಮಾನನಷ್ಟದ ಮೊಕದ್ದಮೆ ಬಂದೀತು. ತೀರಿಕೊಂಡವರ ಹೆಸರಿಗೂ ಮನೆಯವರ ಲಿಖಿತ ಒಪ್ಪಿಗೆ ಇರಲಿ. ಜೀತದಾಳಿನ ಮೊಮ್ಮಗ ಎನಿಸಿಕೊಳ್ಳಲು ಎಲ್ಲರಿಗೂ ಮನಸ್ಸಿರುವುದಿಲ್ಲ. ಅದು ಅವರ ಹಕ್ಕು.

ಪ್ರಶ್ನೆ: ಆಳುಗಳನ್ನು ಇಟ್ಟುಕೊಂಡಿದ್ದವರ ಹಳೆಯ ಸ್ಮಾರಕಗಳನ್ನು ಕೆಡವುವುದೇ ಸರಿಯಲ್ಲವೇ?
— ಓದುಗರು, ವಿರಾಜಪೇಟೆ

ಉತ್ತರ: ಪಕ್ಕದಲ್ಲೊಂದು ನಿಜ ಹೇಳುವ ಫಲಕ ಹಾಕಿ ನೋಡಿ, ಬೇಗ ಹಾಕಿ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಗುಲಾಮ ವ್ಯಾಪಾರಿ ಎಡ್ವರ್ಡ್ ಕೋಲ್ಸ್ಟನ್‌ನ 1895ರ ಪ್ರತಿಮೆಗೆ ಅಂಥದೊಂದು ಫಲಕದ ಒಕ್ಕಣೆಯನ್ನು ತಿದ್ದಿ ತಿದ್ದಿ ನೀರು ಮಾಡಿದರು. 2019ರಲ್ಲಿ ಅದೂ ನಿಂತುಹೋಯಿತು. 2020ರ ಜೂನ್ 7ರಂದು ಜನ ಪ್ರತಿಮೆಯನ್ನೇ ಉರುಳಿಸಿ ಬಂದರಿನ ನೀರಿಗೆ ನೂಕಿದರು. ಮೇಲೆತ್ತಿದ ಮೇಲೆ ಮೈಮೇಲಿನ ಬಣ್ಣ ಹಾಗೇ ಬಿಟ್ಟು ಮ್ಯೂಸಿಯಮ್ಮಿನಲ್ಲಿ ಮಲಗಿಸಿದ್ದಾರೆ. ನಮ್ಮ ದೃಷ್ಟಿಯಲ್ಲಿ ಅದಕ್ಕೆ ಅದೇ ತಕ್ಕ ಜಾಗ.

ಪ್ರಶ್ನೆ: ನಮ್ಮ ಮಳೆಗೆ ಯಾವ ಕಲ್ಲು ತಾಳುತ್ತದೆ?
— ಓದುಗರು, ಮಡಿಕೇರಿ

ಉತ್ತರ: ಗ್ರಾನೈಟ್. ಮುರಕಲ್ಲು ನೀರು ಕುಡಿಯುತ್ತದೆ, ಅಕ್ಷರ ನಿಲ್ಲುವುದಿಲ್ಲ. 3 ಅಡಿ ಎತ್ತರ, 2 ಅಡಿ ಅಗಲ, 3 ಅಂಗುಲ ದಪ್ಪದ ಚಪ್ಪಡಿ ಸುಮಾರು 120 ಕಿಲೋ ತೂಗುತ್ತದೆ. ಎತ್ತಲು ನಾಲ್ವರಾದರೂ ಬೇಕು. ಅಕ್ಷರ ಒಂದು ಅಂಗುಲಕ್ಕಿಂತ ಚಿಕ್ಕದಾದರೆ ಒತ್ತಕ್ಷರದ ಸಂದಿಗಳು ಪಾಚಿಯಿಂದ ಮುಚ್ಚಿಹೋಗುತ್ತವೆ. 3–4 ಮಿಲಿಮೀಟರ್ ಆಳಕ್ಕೆ ಕೆತ್ತಿಸಿ, ಬಣ್ಣವನ್ನು ನೆಚ್ಚಬೇಡಿ. ಚಪ್ಪಡಿ ನೆಟ್ಟಗಿರಲಿ, ತಲೆ ಮಾತ್ರ ಹಿಂದಕ್ಕೆ ಇಳಿಜಾರಾಗಲಿ. ಬುಡದ ಸುತ್ತ ಅರ್ಧ ಅಡಿ ಜಲ್ಲಿ ತುಂಬಿ ನೀರು ಹರಿದುಹೋಗಲು ದಾರಿ ಮಾಡಿ. ಗುಡ್ಡ ಕಡಿದ ಬರೆಯ ಅಂಚಿನಲ್ಲಿ ನಿಲ್ಲಿಸಬೇಡಿ. ಪೀಠಕ್ಕೆ ಕೂರಿಸಲು ಕಬ್ಬಿಣದ ಸರಳು ಬಳಸಿದರೆ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತದೆ. 12 ಮಿಲಿಮೀಟರಿನ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ. ಪಾಚಿಗೆ ನೀರು, ನೈಲಾನ್ ಬ್ರಷ್ ಸಾಕು. ಆ್ಯಸಿಡ್ ಸುರಿದರೆ ಬೆಸುಗೆಯ ಸಿಮೆಂಟು ಕರಗುತ್ತದೆ, ಕಲ್ಲಿಗೂ ಹಳದಿ ಕಲೆ ಕೂರುತ್ತದೆ.