ಕನ್ನಡಕ್ಕೆ ಕ್ಯಾಪಿಟಲ್ ಅಕ್ಷರ ಇಲ್ವಲ್ಲ!

ಪ್ರಶ್ನೆ: ಸರ್, ನಾನು ಗದಗ-ಬೆಟಗೇರಿಯವನು. ಗೆಳೆಯರು ಸೇರಿ ಇಪ್ಪತ್ತು ನಿಮಿಷದ ಕಿರುಚಿತ್ರ ಮಾಡುತ್ತಿದ್ದೇವೆ. ನೇಕಾರರ ಮನೆಯ ಕಥೆ, ಮಾತೆಲ್ಲ ನಮ್ಮ ಕಡೆಯದೇ. ಇದುವರೆಗೆ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಬರೆದೆ. ಅದನ್ನು ಒಂದು ಪುಕ್ಕಟೆ ಸ್ಕ್ರಿಪ್ಟ್ ಸಾಫ್ಟ್‌ವೇರ್‌ಗೆ ಪೇಸ್ಟ್ ಮಾಡಿದರೆ ಬರೀ ಕಸ ಕಾಣುತ್ತದೆ. ಗೆಳೆಯನೊಬ್ಬ ಫೈನಲ್ ಡ್ರಾಫ್ಟ್ ಅನ್ನೋ ದುಡ್ಡಿನ ಸ್ಕ್ರಿಪ್ಟ್ ಸಾಫ್ಟ್‌ವೇರ್‌ನ ಕ್ರ್ಯಾಕ್ (ಕದ್ದ ಪ್ರತಿ) ಕೊಡುತ್ತೇನೆ ಅಂತಾನೆ. ಹಾಕಿಕೊಳ್ಳಲಾ? ಲ್ಯಾಪ್‌ಟಾಪ್ ಹಳೇದು, ವಿಂಡೋಸ್ ಇದೆ.

ಉತ್ತರ: ಕ್ರ್ಯಾಕ್ ಬೇಡ. ಕದ್ದ ಮಾಲು ಅನ್ನೋದು ಒಂದು ಕಡೆ ಇರಲಿ, ಜೊತೆಗೆ ವೈರಸ್ ಬಂದು ಕೂತರೆ ಬರೆದದ್ದೆಲ್ಲ ಹೋಗುತ್ತದೆ.

ಮೊದಲು ಆ ಕಸದ ವಿಷಯ. ನುಡಿಯ ಹಳೇ ಫಾಂಟಿನಲ್ಲಿ ಬರೆದದ್ದು ಕಂಪ್ಯೂಟರಿನ ಒಳಗೆ ಇಂಗ್ಲಿಷ್ ಅಕ್ಷರವೇ, ಮೇಲೆ ಕನ್ನಡದ ಅಂಗಿ ತೊಡಿಸಿರುತ್ತದೆ ಅಷ್ಟೇ. ಫಾಂಟ್ ಬದಲಾಯಿತೋ, ಅಂಗಿ ಕಳಚಿತು. ಅದನ್ನು ಯೂನಿಕೋಡ್‌ಗೆ, ಅಂದರೆ ಒಳಗೂ ಕನ್ನಡ ಅಕ್ಷರವೇ ಇರುವ ಕ್ರಮಕ್ಕೆ, ಪರಿವರ್ತಿಸಿಕೊಳ್ಳಿ. ಇನ್ನು ಮುಂದೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ನುಡಿಯಲ್ಲೇ ಆ ಸೌಲಭ್ಯ ಇದೆ.

ಇನ್ನು ಸ್ಕ್ರಿಪ್ಟ್ ಸಾಫ್ಟ್‌ವೇರ್‌ಗಳ ವಿಷಯ. ಟ್ರೆಲ್ಬಿ ಹಗುರ, ಪುಕ್ಕಟೆ, ಆದರೆ ಕಟ್ಟಿದ್ದೇ ಇಂಗ್ಲಿಷಿನಂಥ ಲಿಪಿಗಳಿಗೆ. ಸೆಲ್ಟೆಕ್ಸ್ ಒಂದು ಕಾಲಕ್ಕೆ ಪುಕ್ಕಟೆ ಇತ್ತು, ಈಗ ಚಂದಾ ಕಟ್ಟಬೇಕು. ಎರಡನ್ನೂ ಬಿಡಿ.

ನನ್ನನ್ನು ಕೇಳಿದರೆ ಫೌಂಟನ್. ಇದು ಸಾಫ್ಟ್‌ವೇರ್ ಅಲ್ಲ, ಬರೆಯುವ ಒಂದು ಕ್ರಮ. ಹಾಲಿವುಡ್‌ನ ಚಿತ್ರಕಥೆಗಾರ ಜಾನ್ ಆಗಸ್ಟ್ ಮತ್ತಿತರರು 2012ರಲ್ಲಿ ತಂದದ್ದು. ನೋಟ್‌ಪ್ಯಾಡ್ ಇದ್ದರೆ ಸಾಕು. ಇಂಗ್ಲಿಷಿನಲ್ಲಿ ಪಾತ್ರದ ಹೆಸರನ್ನು ಕ್ಯಾಪಿಟಲ್‌ನಲ್ಲಿ ಬರೆದರೆ ಫೌಂಟನ್ ಓದುವ ಸಾಫ್ಟ್‌ವೇರ್‌ಗೆ ಅದು ಪಾತ್ರ ಅಂತ ಗೊತ್ತಾಗುತ್ತದೆ, ನಮಗೆ ಕ್ಯಾಪಿಟಲ್ ಎಲ್ಲಿಂದ ಬರಬೇಕು ಅಲ್ವಾ? ಅದಕ್ಕೂ ದಾರಿ ಇಟ್ಟಿದ್ದಾರೆ. ದೃಶ್ಯದ ಸಾಲಿನ ಮುಂದೆ ಒಂದು ಚುಕ್ಕಿ, ಹೆಸರಿನ ಮುಂದೆ @ ಹಾಕಿ. ಹೀಗೆ:

.ಒಳಗೆ. ಮಗ್ಗದ ಮನೆ - ಬೆಳಗ್ಗೆ

ಮಗ್ಗ ನಿಂತಿದೆ. ಅಜ್ಜ ಹರಿದ ಎಳೆ ಹುಡುಕುತ್ತಿದ್ದಾನೆ.

@ಅಜ್ಜ
(ತಲೆ ಎತ್ತದೆ)
ಚಾ ಕುಡದೇನ್ಪಾ?

@ಮೊಮ್ಮಗ
ಇನ್ನೂ ಇಲ್ಲಜ್ಜ.

ಫೈಲನ್ನು ಯುಟಿಎಫ್-8ರಲ್ಲಿ (ಯೂನಿಕೋಡ್ ಉಳಿಸುವ ಒಂದು ಬಗೆ) ಉಳಿಸಿ. ಆಮೇಲೆ ಕಿಟ್ ಸಿನಾರಿಸ್ಟ್ ಅನ್ನೋ ಸ್ಕ್ರಿಪ್ಟ್ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಅದೇ ದೃಶ್ಯ, ಪಾತ್ರ, ಮಾತು ಅಂತ ಬೇರೆ ಬೇರೆ ಜೋಡಿಸುತ್ತದೆ. ಅದೂ ಪುಕ್ಕಟೆ. ಟೆಂಪ್ಲೇಟಿನಲ್ಲಿ ಫಾಂಟ್ ಮಾತ್ರ ಬದಲಾಯಿಸಬೇಕು, ಕೊರಿಯರ್ ಫಾಂಟಿನಲ್ಲಿ ಕನ್ನಡ ಅಕ್ಷರವೇ ಇಲ್ಲ. ನೋಟೋ ಸಾನ್ಸ್ ಕನ್ನಡ ಹಾಕಿ.

ಇಷ್ಟೆಲ್ಲ ಯಾರಿಗೆ ಬೇಕು ಅನ್ನಿಸಿದರೆ ವರ್ಡ್‌ನಂಥ ಪುಕ್ಕಟೆ ಲಿಬ್ರೆ ಆಫೀಸ್ ಇದೆ. ಎಫ್11 ಒತ್ತಿ ಸ್ಟೈಲ್ ಪಟ್ಟಿ ತೆರೆದು, 'ಪಾತ್ರ', 'ಮಾತು' ಅಂತ ಎರಡು ಸ್ಟೈಲ್ (ಫಾಂಟು, ಅಂಚು ಇತ್ಯಾದಿಯ ಜೋಡಣೆ) ಮಾಡಿ, ಪಾತ್ರದ ನಂತರದ ಸ್ಟೈಲ್ ಮಾತು ಅಂತ ಹೇಳಿಟ್ಟರೆ ಹೆಸರು ಬರೆದು ಎಂಟರ್ ಒತ್ತುತ್ತಲೇ ಮಾತಿನ ಜಾಗಕ್ಕೆ ಬಂದಿರುತ್ತೀರಿ. ಕನ್ನಡ ಫಾಂಟನ್ನು ಸಿಟಿಎಲ್ (ಕನ್ನಡದಂಥ ಲಿಪಿಗಳಿಗೆ ಮೀಸಲಾದದ್ದು) ಅನ್ನೋ ಜಾಗದಲ್ಲಿ ಆರಿಸಬೇಕು, ಇಂಗ್ಲಿಷಿನಂಥ ಲಿಪಿಗಳ ಜಾಗದಲ್ಲಿ ಆರಿಸಿ ಏನೂ ಆಗಲಿಲ್ಲ ಅಂತ ನಾನು ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡಿದ್ದೆ.

ಪ್ರಿಂಟ್‌ಗೆ ಪಿಡಿಎಫ್ ಮಾಡಿಯೇ ಕೊಡಿ. ನಾನು ಧಾರವಾಡದ ಒಂದು ಅಂಗಡಿಗೆ ಫೈಲನ್ನು ಹಾಗೇ ಕೊಟ್ಟು, ಒತ್ತಕ್ಷರಗಳೆಲ್ಲ ಪಕ್ಕಕ್ಕೆ ಸರಿದ ನಲವತ್ತು ಹಾಳೆ ಹೊತ್ತು ಮನೆಗೆ ಬಂದಿದ್ದೇನೆ.

ಇನ್ನೊಂದು. ಚಿತ್ರಕಥೆಯ ಒಂದು ಪುಟಕ್ಕೆ ತೆರೆಯ ಮೇಲೆ ಒಂದು ನಿಮಿಷ ಅನ್ನೋ ಲೆಕ್ಕ ಇಂಗ್ಲಿಷಿನ ಕೊರಿಯರ್ 12 ಪಾಯಿಂಟಿನದು. ನಿಮ್ಮ ಇಪ್ಪತ್ತು ನಿಮಿಷಕ್ಕೆ ಪುಟ ಎಣಿಸಬೇಡಿ. ಮೊಬೈಲಿನಲ್ಲಿ ಟೈಮರ್ ಹಚ್ಚಿ, ಗೆಳೆಯರನ್ನು ಕೂರಿಸಿಕೊಂಡು ಜೋರಾಗಿ ಓದಿ.